ಪ್ಲಗ್ ಕಿತ್ತ ರೇಡಿಯೋದೊಳಗಿನ ದನಿ

ಅಜ್ಜನ ಕಾಲದ ವಾಲ್ವ್ ರೇಡಿಯೋ ಕೆಟ್ಟು ಕೂತಾಗ ಮನೆಯ ಸ್ಕ್ರೂಡ್ರೈವರ್ ಯಜಮಾನ ಪೊನ್ನಪ್ಪನಿಗೆ ಹೇಳಿತು: “ಮಿಕ್ಸಿ ಸರಿಮಾಡಿದ್ದು ನಾನು, ಫ್ಯಾನು ಸರಿಮಾಡಿದ್ದು ನಾನು. ಇದೊಂದಕ್ಕೆ ರಿಪೇರಿಯವರು ಯಾಕೆ ಬೇಕು, ಯಜಮಾನರೇ?” ಪೊನ್ನಪ್ಪನಿಗೂ ಹಾಗೇ ಅನ್ನಿಸಿತು. ಪ್ಲಗ್ ಕಿತ್ತು ಹಿಂಬದಿಯ ಹಲಗೆ ಬಿಚ್ಚಿದ.

ಒಳಗಿನ ಕತ್ತಲಲ್ಲಿ ದಪ್ಪನೆಯ ಕೆಪಾಸಿಟರೊಂದು ಕೂತಿತ್ತು. ಅದರ ಬುಡದಲ್ಲಿ ಒಣಗಿದ ಹಲ್ಲಿ.

“ಬನ್ನಿ, ಬನ್ನಿ,” ಎಂದಿತು ಕೆಪಾಸಿಟರ್, ಬಲು ಮೆಲ್ಲಗೆ.

“ಕರೆಂಟ್ ಇದೆಯೇ?” ಎಂದು ಸ್ಕ್ರೂಡ್ರೈವರ್ ಕೇಳಿತು.

“ಪ್ಲಗ್ ಕಿತ್ತದ್ದನ್ನು ನೀವೇ ನೋಡಿದಿರಲ್ಲ.”

“ಮತ್ತೆ ಈ ಹಲ್ಲಿ?”

“ಪಾಪ, ಅದೂ ನೋಡಿತ್ತು.”

ಹಾಗೆಂದರೇನು ಎಂದು ಕೇಳಲು ಸ್ಕ್ರೂಡ್ರೈವರಿಗೆ ನಾಚಿಕೆಯಾಯಿತು. ಎಲ್ಲ ಬಲ್ಲೆನೆಂದು ಬಂದವನು ಎಷ್ಟು ಕೇಳಿಯಾನು? ತುದಿ ಮುಂದಿಟ್ಟಿತು. ಛಟ್ಟೆಂದು ನೀಲಿ ಕಿಡಿ ಹಾರಿತು. ಅದರ ಕಬ್ಬಿಣಕ್ಕೆ ಬೆರಳು ತಾಗಿದ್ದ ಪೊನ್ನಪ್ಪ ತೋಳು ಹಿಡಿದುಕೊಂಡು ಕುಸಿದ.

ಮರುದಿನ ಪೊನ್ನಪ್ಪ ಕರೆಸಿದ ರಿಪೇರಿಯ ಸಲ್ದಾನಾ ಬಂದರು. ಒಮ್ಮೆ ಪ್ಲಗ್ ಹಾಕಿ ನೋಡಿ ಮತ್ತೆ ಕಿತ್ತರು. ಅವರ ಚೀಲದಿಂದ ಎರಡು ವೈರಿನ ಹಳೆಯ ಬಲ್ಬು ಹೊರಬಂತು.

“ಬನ್ನಿ, ಪ್ಲಗ್ ಕಿತ್ತಿದ್ದಾರೆ,” ಎಂದಿತು ಕೆಪಾಸಿಟರ್.

ಬಲ್ಬು ಏನನ್ನೂ ಕೇಳಲಿಲ್ಲ. ಕೆಪಾಸಿಟರಿನ ಎರಡು ಕಾಲಿಗೂ ವೈರು ಮುಟ್ಟಿಸಿತು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಉಳಿದಿದ್ದ ಕರೆಂಟೆಲ್ಲ ಹರಿದು ಬಲ್ಬು ಒಮ್ಮೆ ಮಿನುಗಿ ಆರಿತು. ಆ ದನಿಯೂ ಆರಿತು. ಆಮೇಲಷ್ಟೇ ಸಲ್ದಾನಾ ಒಳಗೆ ಕೈ ಹಾಕಿದರು.

ಸಂಜೆ ರೇಡಿಯೋ ಹಾಡಿತು. ಹಾಡಿನ ಅಡಿಯಲ್ಲಿ ಆ ಮೆಲುದನಿ ಮತ್ತೆ ಕೇಳಿಸಿತು: “ಬನ್ನಿ, ಬನ್ನಿ.”

ಡ್ರಾಯರಿನಲ್ಲಿ ತುದಿ ಸುಟ್ಟ ಸ್ಕ್ರೂಡ್ರೈವರ್ ಮೂಲೆಗೆ ಸರಿಯಿತು. ಪಕ್ಕದಲ್ಲಿ ಅಂದೇ ಅಂಗಡಿಯಿಂದ ಬಂದಿದ್ದ ಹೊಸ ಸ್ಕ್ರೂಡ್ರೈವರ್ ಮಾತ್ರ ಕಿವಿಯರಳಿಸಿ, “ಯಾರೋ ನನ್ನನ್ನೇ ಕರೆಯುತ್ತಿದ್ದಾರಲ್ಲ!” ಎಂದಿತು.