ಉಬ್ಬೆಗೆ ಹಾಕಿದ ಬಟ್ಟೆ

“ಬುದ್ಧಿ, ಔಷಧಿಯೊಂದೇ ನಮ್ಮಕ್ಕನ ಅರ್ಧ ಜೀವ ತಿಂದಾಕದೆ. ಈಗ ಔಷಧಿ ಜೊತೆಗೆ ಬಿಸೀನೂ ಕೊಡ್ತೀವಿ ಅಂತಾರೆ. ಒಪ್ಪಲಾ, ಬ್ಯಾಡವಾ?”

ಕೇಳಿದವನು ಗುರುಮಲ್ಲ, ಮಠಕ್ಕೆ ಬಂದು ಒಂಬತ್ತು ವರ್ಷವಾದ ಶಿಷ್ಯ. ಗುರುಗಳು ದಾಸೋಹದ ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಡಾಕ್ಟರು ಏನಂದ್ರು? ಅವರು ಹೇಳಿದ್ದನ್ನ ಹೇಳು. ನಿನ್ನ ಭಯವನ್ನ ಆಮೇಲೆ ಹೇಳುವಂತೆ.”

ಗುರುಮಲ್ಲ ಹೇಳಿದ. ಹೊಟ್ಟೆಯಲ್ಲಿ ಹುಟ್ಟಿದ ಕ್ಯಾನ್ಸರ್ ಒಳಗೆಲ್ಲ ಹರಡಿದೆ. ಆರು ಸಲ ಕೀಮೋ ಕೊಟ್ಟರೂ ಗಡ್ಡೆ ಕರಗಿಲ್ಲ. ಇನ್ನು ಮುಂದೆ ಕೀಮೋ ಕೊಡುವ ದಿನ ಯಂತ್ರದಿಂದ ಹೊಟ್ಟೆಯ ಭಾಗವನ್ನೂ ಬಿಸಿ ಮಾಡುತ್ತಾರೆ. ಜ್ವರಕ್ಕಿಂತ ತುಸು ಹೆಚ್ಚಿನ ಬಿಸಿ, ಸುಮಾರು ಒಂದು ಗಂಟೆ ಹೊತ್ತು. ಬಿಸಿಯಾದ ಗಡ್ಡೆಗೆ ಔಷಧಿ ಚೆನ್ನಾಗಿ ನಾಟೀತು ಎಂಬುದು ಅವರ ಆಸೆ. ವಾಸಿಯಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಕೆಲವರಿಗೆ ಒಂದಷ್ಟು ದಿನ ಹೆಚ್ಚು ಸಿಗಬಹುದು, ಕೆಲವರಿಗೆ ಮೈ ಸುಟ್ಟು ಬೊಬ್ಬೆ ಏಳಬಹುದು, ಕೆಲವರಿಗೆ ಯಾವ ಗುಣವೂ ಕಾಣದಿರಬಹುದು. ಬಿಸಿ ಎಲ್ಲಾದರೂ ಚುರುಗುಟ್ಟಿದರೆ ರೋಗಿಯೇ ಬಾಯಿಬಿಟ್ಟು ಹೇಳಬೇಕು, ಆಗ ಯಂತ್ರ ತಗ್ಗಿಸುತ್ತೇವೆ ಎಂದೂ ಅಂದಿದ್ದರು. ಈ ಕೊನೆಯ ಮಾತನ್ನು ಗುರುಮಲ್ಲ ಬೇಗಬೇಗನೆ ಹೇಳಿ ಮುಗಿಸಿದ.

ಒಪ್ಪಿಗೆಯ ಕಾಗದ ಅವನ ಜೇಬಿನಲ್ಲಿತ್ತು. ಹನ್ನೊಂದು ಗಂಟೆಗೆ ಬಸ್ಸು. ಕಾಗದಕ್ಕೆ ಸಹಿ ಬಿದ್ದರೆ ಆ ಬಸ್ಸು ಆಸ್ಪತ್ರೆಗೆ, ಬೀಳದಿದ್ದರೆ ಅದೇ ಬಸ್ಸಿನಲ್ಲಿ ದಾರಿ ನಡುವೆ ಇಳಿದು ಊರಿಗೆ. ಅಕ್ಕ ದೇವೀರಮ್ಮ ಹೊರಗೆ ಜಗಲಿಯ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳಿಗೆ ಅವನು ರೋಗದ ಹೆಸರು ಹೇಳದೆ ಹೊಟ್ಟೆಹುಣ್ಣು ಎಂದಿದ್ದ. ಕೂದಲು ಉದುರಿದಾಗ ಮಾತ್ರೆಯ ಕಾವು ಎಂದಿದ್ದ. ಕಾಗದದಲ್ಲಿ ರೋಗಿಯ ಹೆಬ್ಬೆಟ್ಟಿಗೂ ಜಾಗವಿತ್ತು. ಅದನ್ನು ಸ್ಕ್ಯಾನಿಂಗಿನ ಕಾಗದವೆಂದು ಹೇಳಿ ಒತ್ತಿಸಿದರಾಯಿತು ಎಂದುಕೊಂಡಿದ್ದ. ಅವಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ.

“ನಾನು ಹೂಂ ಅಂದ್ರೂ ನಾಳೆ ನನ್ನ ತಲೆಗೇ ಕಟ್ತೀಯೆ, ಊಹೂಂ ಅಂದ್ರೂ ಕಟ್ತೀಯೆ” ಎಂದರು ಗುರುಗಳು. “ಕೂತ್ಕೊ. ಒಂದು ಕತೆ ಕೇಳು.”

“ಬಸ್ಸು ಬಂದ್ಬುಡ್ತದೆ ಬುದ್ಧಿ.”

“ಬಸ್ಸು ಬಂದಾಗ ಬರ್ಲಿ. ಕೂತ್ಕೊ ಅಂದೆ.”

ಅವನು ಕೂತ. ಗುರುಗಳು ಶುರುಮಾಡಿದರು.

ಒಬ್ಬ ಮಡಿವಾಳನಿದ್ದ. ಒಬ್ಬ ಸೂಲಗಿತ್ತಿ ಅವನ ಬಳಿಗೆ ಒಂದು ಬಟ್ಟೆ ತಂದಳು. ಆ ಊರಿನಲ್ಲಿ ಹುಟ್ಟುವ ಪ್ರತಿ ಕೂಸನ್ನೂ ಮೊದಲು ಆ ಬಟ್ಟೆಯಲ್ಲೇ ಹಿಡಿಯುವುದು ಪದ್ಧತಿ. ಮೂರು ತಲೆಮಾರು ಸವೆದ ಬಟ್ಟೆ. ಅಡ್ಡ ಹಿಡಿದರೆ ಆಚೆಯವರ ಮುಖ ಕಾಣುತ್ತಿತ್ತು. ಅದರ ನಡುವೆ ಬೂಷ್ಟಿನ ಕಲೆ ಕೂತಿತ್ತು. ಕಲೆ ದಿನದಿನಕ್ಕೂ ಹರಡುತ್ತಿತ್ತು, ಹರಡಿದಲ್ಲೆಲ್ಲ ನೂಲನ್ನು ತಿನ್ನುತ್ತಿತ್ತು.

“ನನ್ನ ಮಗಳಿಗೇ ದಿನ ತುಂಬಿದೆ” ಎಂದಳು ಸೂಲಗಿತ್ತಿ. “ಎಂಟು ದಿನದೊಳಗೆ ಬಟ್ಟೆ ಬೇಕು. ಹಿಂಗೇ ಬಿಟ್ಟರೂ ಹೋಗುತ್ತೆ, ನೀನು ಹರಿದರೂ ಹೋಗುತ್ತೆ. ನೋಡು.”

ಮಡಿವಾಳ ಹೆದರಿದ. ಬಟ್ಟೆ ನಾಜೂಕಾಗಿದೆ, ಬಿಸಿ ಸೋಕಿಸಬಾರದು ಎಂದುಕೊಂಡ. ಕೊಳೆ ಕೀಳುವ ಚೌಳುಮಣ್ಣನ್ನು ತಣ್ಣೀರಿನಲ್ಲಿ ಕದಡಿ, ಆ ನೀರಿನಲ್ಲಿ ನೆನೆಸಿದ. ಕಲೆ ಅಲುಗಲಿಲ್ಲ. ಚೌಳು ಹೆಚ್ಚಿಸಿದ. ಅದನ್ನೂ ಮೀರಿ ಹೆಚ್ಚಿಸಿದ. ಮೂರನೆಯ ಸಲಕ್ಕೆ ಅಂಚಿನ ನೂಲು ಬಿಟ್ಟುಕೊಂಡಿತು, ಕಲೆ ಇದ್ದಲ್ಲೇ ಇತ್ತು.

ಅವನಿಗೆ ಚೌಳಿನ ಮೇಲೆ ಸಿಟ್ಟು ಬಂತು. ಚೌಳೇ ಬೇಡವೆಂದು ಬರೀ ನೀರಿನ ಹಬೆಗೆ ಹಿಡಿದ. ಬಟ್ಟೆ ಮುದುರಿತು. ಕಲೆ ಇನ್ನಷ್ಟು ಕಚ್ಚಿಕೊಂಡಿತು. ಹೀಗೆ ಐದು ದಿನ ಕಳೆದವು.

ಉಳಿದದ್ದು ಉಬ್ಬೆ. ಬಟ್ಟೆಗೆ ಚೌಳು ಉಣಿಸಿ, ನೀರು ತುಂಬಿದ ಬಾನಿಯ ಮೇಲೆ ಒಟ್ಟಿ, ಕೆಳಗೆ ಉರಿ ಹಾಕಿ ಹಬೆಯಲ್ಲಿ ಬೇಯಿಸುವುದು. ಅದು ಮೈಲಿಗೆ ಹಿಡಿದ ದಪ್ಪ ಬಟ್ಟೆಗಳಿಗೆ ಮಾಡುವ ಕೆಲಸ. ಉಬ್ಬೆಗೆ ಹಾಕಿ, ಉರಿ ಹೂಡಿ, ಮಡಿವಾಳರು ಉಳಿದ ಬಟ್ಟೆ ಒಗೆಯಲು ಹೊಳೆಗೆ ಹೋಗಿಬಿಡುತ್ತಾರೆ. ಬರುವಷ್ಟರಲ್ಲಿ ಬೆಂದಿರುತ್ತದೆ.

ಅವನ ಹೆಂಡತಿ ಬಾನಿಗೆ ಅಡ್ಡ ನಿಂತಳು. “ಚೌಳು ಅರ್ಧ ತಿಂತು, ಹಬೆ ಇನ್ನರ್ಧ ತಿಂತು. ಎರಡನ್ನೂ ಒಟ್ಟಿಗೆ ಬಿಟ್ಟರೆ ಸೂಲಗಿತ್ತಿಗೆ ಏನು ಕೊಡ್ತೀಯ, ಚಿಂದೀನಾ?”

“ಬೇರೆ ಬೇರೆ ಬಿಟ್ಟಾಗ ಬಟ್ಟೇನ ತಿಂದವು, ಕಲೇನ ಮುಟ್ಟಲಿಲ್ಲ” ಎಂದ ಮಡಿವಾಳ. “ಬಿಸಿ ತಾಗಿದರೆ ಕಲೆ ಬಾಯಿ ಬಿಡುತ್ತೆ. ಆಗ ಚೌಳು ಒಳಕ್ಕೆ ಇಳೀಬಹುದು. ಇಳಿಯುತ್ತೆ ಅಂತ ನಾನೂ ಹೇಳಲಾರೆ.”

ಗುರುಮಲ್ಲ ಉಗುರು ಕಚ್ಚುತ್ತಿದ್ದ. ದೂರದಲ್ಲಿ ಯಾವುದೋ ಗಾಡಿ ಹಾರನ್ ಹೊಡೆಯಿತು. ಅವನು ಬಾಗಿಲ ಕಡೆ ಕತ್ತು ಚಾಚಿ ನೋಡಿದ. ಆದರೆ ಅದು ಬಸ್ಸಲ್ಲ, ಹಾಲಿನ ಗಾಡಿ.

ಮಡಿವಾಳ ಆ ಬಟ್ಟೆಯನ್ನು ಉಬ್ಬೆಗೆ ಹಾಕಿದ ಎಂದು ಗುರುಗಳು ಮುಂದುವರಿಸಿದರು. ಮೊದಲಿನಷ್ಟು ಚೌಳು ಉಣಿಸಲಿಲ್ಲ. ದಪ್ಪ ಬಟ್ಟೆಗಳನ್ನು ಕೆಳಗಿಟ್ಟು, ಇದನ್ನು ಉರಿಗೆ ದೂರವಾಗಿ ಎಲ್ಲಕ್ಕೂ ಮೇಲೆ ಇಟ್ಟ. ಸಣ್ಣ ಉರಿ ಹೂಡಿದ. ಹೊಳೆಗೆ ಹೋಗಲಿಲ್ಲ. ಬಟ್ಟೆಯ ಮಡಿಕೆಯೊಳಗೆ ತನ್ನ ಅಂಗೈ ಇಟ್ಟು ಕೂತ. ಅಂಗೈ ತಾಳುವವರೆಗೆ ಉರಿ, ಅಂಗೈ ಚುರ್ರೆಂದ ಕೂಡಲೇ ಸೌದೆ ಹೊರಕ್ಕೆ. ಆರಿದ ಮೇಲೆ ಮತ್ತೆ ಸೌದೆ. ಊರಿನವರು ನಕ್ಕರು. ಉಬ್ಬೆಯ ಮುಂದೆ ಕಾವಲು ಕೂತ ಮಡಿವಾಳನನ್ನು ಅವರು ಯಾರೂ ಕಂಡಿರಲಿಲ್ಲ. ಒಂದು ದಿನ ಕೂತ. ಒಂದು ದಿನ ಬಟ್ಟೆಯನ್ನು ಹಾಗೇ ಬಿಟ್ಟ. ಮೂರನೆಯ ದಿನ ಮತ್ತೆ ಕೂತ. ಅಷ್ಟರಲ್ಲಿ ಸೂಲಗಿತ್ತಿಯ ಮನೆಯಿಂದ ಕರೆ ಬಂತು, ಮಗಳಿಗೆ ನೋವು ಶುರುವಾಗಿತ್ತು.

“ಗುರುಮಲ್ಲಾ” ಎಂದು ಜಗಲಿಯಿಂದ ದೇವೀರಮ್ಮನ ದನಿ ಬಂತು. “ಬುದ್ಧಿಯೋರ ತಾವು ಏನಪ್ಪ ಅಷ್ಟೊತ್ತು ಮಾತು? ನನ್ ವಿಚಾರವಾ?”

“ಏನಿಲ್ಲ ಕಣಕ್ಕ. ಸುಮ್ನೆ ಕೂತ್ಕೊ, ಬಂದೆ.”

ಗುರುಗಳು ಕೈಲಿದ್ದ ಕಾಳನ್ನು ಮೊರಕ್ಕೆ ಹಾಕಿ, ಒಂದು ಗಳಿಗೆ ಅವನನ್ನೇ ನೋಡಿದರು. ಗುರುಮಲ್ಲನಿಗೆ ತಡೆಯಲಾಗಲಿಲ್ಲ.

“ಬಟ್ಟೆ ಏನಾಯ್ತು ಬುದ್ಧಿ? ಕಲೆ ಹೋಯ್ತಾ?”

“ಪೂರ್ತಿ ಹೋಗಲಿಲ್ಲ. ನೆರಳಿನ ಹಂಗೆ ಒಂದಿಷ್ಟು ಉಳೀತು. ಒಂದು ಮೂಲೆ ಪಿಸಿದೂ ಹೋಯ್ತು. ಆದರೆ ಹರಡೋದು ನಿಂತಿತ್ತು. ಸೂಲಗಿತ್ತಿ ಅದನ್ನ ಕೊಡವಿ, ಮೊಮ್ಮಗಳನ್ನ ಅದರಲ್ಲೇ ಹಿಡಿದಳು.”

“ಅದಾದ ಮೇಲೆ?”

“ಅದಾದ ಮೇಲೆ ಎಷ್ಟು ಕೂಸು ಹಿಡೀತು ಅಂತ ನನಗೆ ಗೊತ್ತಿಲ್ಲ. ಕತೆ ಅಲ್ಲೀಗಂಟ.”

ಗುರುಮಲ್ಲನಿಗೆ ಕೇಳಲು ಬಂದ ಉತ್ತರ ಸಿಕ್ಕಿತು ಎನಿಸಿತು. ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲೆ ಹರಡಿದ. ತನ್ನ ಹೆಸರಿನ ಜಾಗದಲ್ಲಿ ಸಹಿ ಹಾಕಿದ. ರೋಗಿಯ ಜಾಗ ಖಾಲಿಯಿತ್ತು. ಇಂಕಿನ ಡಬ್ಬಿಯನ್ನೂ ತಂದಿದ್ದ, ಅದರ ಮುಚ್ಚಳ ತೆಗೆದ.

“ತಿಳೀತು ಬುದ್ಧಿ. ನಾನೂ ಆ ಮಡಿವಾಳನ ಹಂಗೇ ಕೈಯಿಟ್ಟು ಕಾಯ್ತೀನಿ. ಅಕ್ಕನ ಪಕ್ಕ ಬುಟ್ಟು ಏಳಾಕಿಲ್ಲ. ಅವಳಿಗೆ ಒಂಚೂರೂ ಗೊತ್ತಾಗದಂಗೆ ಎಲ್ಲಾನೂ ನಾನೇ ನೋಡ್ಕತೀನಿ.”

ರಸ್ತೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು. ಜಗಲಿಯಲ್ಲಿ ದೇವೀರಮ್ಮ ಚೀಲ ಹಿಡಿದು ಏಳುವ ಸದ್ದೂ ಕೇಳಿತು. ಗುರುಗಳು ಮೊರವನ್ನು ಪಕ್ಕಕ್ಕಿಟ್ಟು, ತೆರೆದ ಇಂಕಿನ ಡಬ್ಬಿಯ ಮೇಲೆ ಅಂಗೈ ಮುಚ್ಚಿದರು.

“ಬಟ್ಟೆಗೆ ಬಾಯಿರಲಿಲ್ಲ, ಅದಕ್ಕೇ ಅವನು ಕೈಯಿಟ್ಟು ಕೇಳಿದ, ಬಾಯಿರೋ ಅಕ್ಕನನ್ನ ನೀನು ಏನು ಕೇಳಿದೆ?”