ಹೋರಿಗೆ ಮೀಸಲು ಹಾಲು

ಹ್ಞೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಒಂದೂರಲ್ಲಿ ಜವರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಚೆನ್ನಿಂಗ. ಆಳು ನೋಡಿದರೆ ಅಲಂಕಾರ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಕರ್ಮ.

ಕೊಟ್ಟಿಗೆಯಲ್ಲಿ ಕೆಂಪಿ ಅಂತ ಒಂದು ಹಸು. ಕರೆದರೆ ಒಂದು ಲೋಟ, ಅದೂ ಅದರ ಮನಸ್ಸು ಬಂದರೆ. ಹಸು ಕಟ್ಕೊಂಡೂ ಜವರಮ್ಮ ದಿನಾ ಪಕ್ಕದ ಪುಟ್ಟತಾಯಮ್ಮನ ಮನೆಗೆ ಲೋಟ ಹಿಡ್ಕೊಂಡು ಹೋಗೋಳು. ನನ್ನ ಕೊಟ್ಟಿಗೆ ಹಾಲು ಒಂದ್ಸಲ ತಂಬಿಗೆ ತುಂಬೋದು ನೋಡಿ ಕಣ್ಣು ಮುಚ್ಚಬೇಕು ಅನ್ನೋದೊಂದೇ ಅವಳಾಸೆ.

ಒಂದಿನ ಅವಳ ಅಣ್ಣ ಹೇಳಿ ಕಳಿಸಿದ: "ಎರಡು ಕರು ಅವೆ. ಒಂದು ನಿಂಗೆ."

"ಹೋಗ್ಲಾ ಚೆನ್ನಿಂಗ, ತಾಯಿ ನೋಡಿ ಕರು ತತ್ತಾ. ತಾಯಿ ಕರೆದಂಗೇ ಮಗಳು ಕರಿಯಾದು!"

ಹೋದ. ತಾಯಿ ಹಸು ನೋಡಿದ. ಬೆಳಿಗ್ಗೆ ನೋಡಿದ, ಮಧ್ಯಾಹ್ನ ನೋಡಿದ, ಹೊತ್ತು ಮುಳುಗೋ ತನಕ ನೋಡಿದ. ಬರಿಗೈಲಿ ಬಂದ.

"ಕರು ಎಲ್ಲೋ?"

"ತಾಯಿ ನೋಡ್ತಾ ಇದ್ದೆ ಕಣವ್ವ. ಅಷ್ಟ್ರಲ್ಲಿ ಕರು ಯಾರೋ ಹೊಡ್ಕಂಡು ಹೋದ್ರು."

"ಅಯ್ಯೋ ನಿನ್ನ ಬುದ್ಧಿಗೆ ಬೆಂಕಿ ಬೀಳ! ನೋಡ್ತಾ ನಿಲ್ಬ್ಯಾಡ ಕಣ್ಲಾ. ಕಂಡೇಟಿಗೇ ಹಗ್ಗ ಹಾಕು, ಗೂಟಕ್ಕೆ ಕಟ್ಟು, ಹುಲ್ಲು ಹಾಕು!"

"ಆಗ್ಲಿ ಕಣವ್ವ."

ಆಮೇಲೆ ಕೆಂಪಿ ಬೆದೆಗೆ ಬಂತು. ದನದ ಡಾಕ್ಟ್ರು ಬೈಕಲ್ಲಿ ಒಂದು ಕ್ಯಾನು ಕಟ್ಕೊಂಡು ಬಂದರು.

"ಹೋರಿ ಎಲ್ಲಿ ಸ್ವಾಮಿ?" ಅಂದಳು ಜವರಮ್ಮ.

"ಇದರೊಳಗೇ ಇದೆ!"

ಮುಚ್ಚಳ ತೆಗೆದರು. ಬೆಳ್ಳಗೆ ಹೊಗೆ ಎದ್ದಿತು, ತಣ್ಣಗಿನ ಹೊಗೆ! ಜವರಮ್ಮ ಕೆನ್ನೆಗೆ ಕೈ ಇಟ್ಟಳು. ಒಳಗಿಂದ ಹೋರಿಯ ಬೀಜ ತುಂಬಿದ, ಕಡ್ಡಿಯಂಥ ಒಂದು ಕೊಳವೆ ತೆಗೆದು ಡಾಕ್ಟ್ರು ಅಂದರು: "ಈ ಹೋರಿಯ ತಾಯಿ ಬಿಂದಿಗೆಗಟ್ಟಲೆ ಕರೆದವಳು. ಹೋರಿ ಒಂದು ತೊಟ್ಟೂ ಕರೆಯಲ್ಲ, ಆದರೆ ಆ ಹಾಲಿನ ಗುಣ ಅದರಲ್ಲಿ ಬಚ್ಚಿಟ್ಕೊಂಡಿರುತ್ತೆ. ಮಗಳು ಈದಾಗ ಹೊರಗೆ ಬರುತ್ತೆ. ಕರುವಲ್ಲಿ ಅರ್ಧ ತಾಯಿದು, ಅರ್ಧ ತಂದೆದು. ಯಾವ ಗುಣ ಬರುತ್ತೋ ನನಗೂ ಗೊತ್ತಿಲ್ಲಮ್ಮ. ಒಂದೇ ಹೊಟ್ಟೆಯ ಕರುಗಳೂ ಒಂದೇ ಥರ ಇರಲ್ಲ."

"ಶಿವನೇ! ಗಂಡಿನೊಳಗೆ ಹಾಲು!" ಅಂದಳು ಜವರಮ್ಮ. ನನಗೂ ಇದನ್ನ ಹೇಳುವಾಗ ಇವತ್ತಿಗೂ ಮೈ ಜುಮ್ಮನ್ನುತ್ತೆ.

ಕೆಲಸ ಮುಗಿಸಿ ಡಾಕ್ಟ್ರು ಕೈ ತೊಳೆದು ಬಂದರೆ ಬೈಕಲ್ಲಿ ಕ್ಯಾನಿಲ್ಲ! ಗೂಟಕ್ಕೆ ಕಟ್ಟಿದೆ, ಮುಂದೆ ಹುಲ್ಲು ಬಿದ್ದಿದೆ, ಪಕ್ಕದಲ್ಲಿ ಚೆನ್ನಿಂಗ ಕೂತು "ತಿನ್ನಪ್ಪಾ" ಅಂತಿದಾನೆ.

"ಅಯ್ಯೋ ಮುಂಡೇದೇ!" ಅಂತ ಜವರಮ್ಮ ಹಣೆ ಚಚ್ಚಿಕೊಂಡಳು. "ಕೊಟ್ಟೋರ್ನ ಯಾರಾದ್ರೂ ಕಟ್ಟಾಕ್ತಾರಾ? ಕೊಟ್ಟೋರಿಗೆ ಕೈ ಮುಗಿದು, ಅವರ ಪಾಲು ಅವರಿಗೆ ಒಪ್ಪಿಸ್ಬೇಕು ಕಣ್ಲಾ!"

"ಆಗ್ಲಿ ಕಣವ್ವ."

ಕೆಂಪಿ ಹೆಣ್ಣುಗರು ಹಾಕಿತು. ಕೆಂಪಿ ಕೆಂಪು, ಕರು ಕಪ್ಪು ಬಿಳುಪು! ಊರಲ್ಲಿ ಯಾರೂ ಕಾಣದ ಹೋರಿಯ ಬಣ್ಣ ಕೊಟ್ಟಿಗೆಗೆ ಬಂದು ನಿಂತಿತ್ತು. ಕರು ಬೆಳೆದು ಹಸುವಾಯಿತು, ತಾನೂ ಈಯಿತು. ಗಿಣ್ಣು ಹಂಚಿದ್ದಾಯಿತು. ಆಮೇಲೆ ಜವರಮ್ಮ ಕರೆಯೋಕೆ ಕೂತಳು. ಚೊರ್ ಚೊರ್ ಚೊರ್! ತಂಬಿಗೆ ತುಂಬಿತು, ನೊರೆ ಉಕ್ಕಿ ಕೈಮೇಲೆ ಹರಿಯಿತು. ಅವಳಿಗೆ ಅಳು ಬಂದುಬಿಟ್ಟಿತು.

ಆ ಸೀಮೆಯಲ್ಲಿ ಹೊಸ ಹಾಲು ಮೊದಲು ದೇವರಿಗೆ ಮೀಸಲು. ಮಾದಪ್ಪನ ಗುಡಿಯಲ್ಲಿ ಒಪ್ಪಿಸಿದ ಮೇಲೇ ಮನೆಯವರು ಬಾಯಿಗೆ ಹಾಕೋದು. ಜವರಮ್ಮ ತಂಬಿಗೆಯನ್ನ ಮಗನ ಕೈಗಿಟ್ಟಳು.

"ಹಾಲು ಕೊಟ್ಟೋರಿಗೆ ಮೊದಲು ಮೀಸಲು ಒಪ್ಪಿಸ್ಬುಟ್ಟು ಬಾ ಮಗಾ. ಆಮೇಲೆ ನಮಗೆ."

"ಆಗ್ಲಿ ಕಣವ್ವ."

ಕೈ ಮುಗಿದ. ಅರ್ಧ ಹಾಲು ಕೆಂಪಿ ನೀರು ಕುಡಿಯೋ ಬಾನಿಗೆ ಸುರಿದ. ಉಳಿದರ್ಧ ಹಿಡ್ಕೊಂಡು ಓಡಿದ. ಬೀದಿ ಕೊನೆಯಲ್ಲಿ ಡಾಕ್ಟ್ರು ಯಾರದೋ ಹಸುವಿಗೆ ಅಂತ ಕ್ಯಾನಿನ ಮುಚ್ಚಳ ತೆಗೆದಿದ್ದರು. ಚೆನ್ನಿಂಗ ಅಡ್ಡಬಿದ್ದ, ಎದ್ದ, ಹಾಲನ್ನ ಅದರೊಳಗೆ ಸುರಿದೇಬಿಟ್ಟ!

ಬುಸ್ಸಂತ ಹೊಗೆ ಎದ್ದಿತು. ಡಾಕ್ಟ್ರು ಕಾಣಲಿಲ್ಲ, ಬೈಕು ಕಾಣಲಿಲ್ಲ. ನಿಂತಿದ್ದ ಜನ ಬೆದರಿ ಕೈ ಮುಗಿದರು. "ಹಿಡೀರೋ ಅವನ್ನ! ನನ್ನ ಹೋರಿಗಳೆಲ್ಲ ಹೋದವಲ್ಲೋ!" ಅನ್ನೋ ಕೂಗೊಂದೇ ಹೊಗೆಯೊಳಗಿಂದ ಕೇಳ್ತಿತ್ತು.

ಚೆನ್ನಿಂಗ ಹಿಗ್ಗಿ ಹೀರೇಕಾಯಾಗಿ ಮನೆಗೆ ಬಂದ. ಜವರಮ್ಮ ಒಲೆ ಹಚ್ಚಿ, ಕಾಫಿ ಡಿಕಾಕ್ಷನ್ ಇಳಿಸಿ ಕಾಯ್ತಿದ್ದಳು.

"ಅವ್ವಾ, ಅವ್ವನ ಪಾಲು ಅವ್ವ ಕುಡಿದ್ಲು! ಅಪ್ಪನ ಪಾಲು ಅಪ್ಪ ಕುಡಿದ, ಹೊಗೆ ಬುಟ್ಕಂಡು! ಒಂದು ತೊಟ್ಟೂ ಬುಡ್ನಿಲ್ಲ ಕಣವ್ವ! ಇನ್ನು ನಮ್ಮ ಪಾಲು ಕೊಡು."

ಜವರಮ್ಮ ಖಾಲಿ ತಂಬಿಗೆ ನೋಡಿದಳು, ಮಗನ ಮುಖ ನೋಡಿದಳು. ಮೂಲೆಯಲ್ಲಿದ್ದ ಲೋಟ ತಗೊಂಡು ಪುಟ್ಟತಾಯಮ್ಮನ ಮನೆಗೆ ಹೊರಟಳು.