ಆಪತ್ತಿಗೆಂದು ಇಟ್ಟದ್ದು

ನರ್ಸ್ ಫಿಲೋಮಿನಾ ಹೆರಿಗೆ ಮಾಡಿಸಲೆಂದು ಹತ್ತಿ ಹೊರಟ ಹಳೆಯ ಬೈಕು, ಪೆಟ್ರೋಲು ತೀರಿ ತಳದ ರಿಸರ್ವಿಗೆ ತಿರುಗಿಸಿದ ಕೂಡಲೇ ನಡುದಾರಿಯಲ್ಲಿ ನಿಂತುಬಿಟ್ಟಿತ್ತು. ಮರುದಿನ ಮೆಕ್ಯಾನಿಕ್ ಮೌಲಾಸಾಬ್ ಪೆಟ್ರೋಲ್ ಟ್ಯಾಂಕು ಕಳಚಲು ಕೂತಾಗ, ಟ್ಯಾಂಕು ತನ್ನ ಪೈಪಿಗೆ ಗದರಿತು:

"ಬಿಗಿಯಾಗಿ ಹಿಡಿದುಕೋ ತಮ್ಮಾ, ಒಂದು ಹನಿಯೂ ಹೋಗಬಾರದು. ತಳದಲ್ಲಿರುವುದು ಆಪತ್ತಿಗೆಂದು ನಾನು ವರ್ಷಗಟ್ಟಲೆ ಕಾಪಾಡಿದ ಗಂಟು."

"ನಿನ್ನೆ ಬಂದದ್ದು ಆಪತ್ತೇ ಅಲ್ಲವೇ ಅಣ್ಣಾ? ನರ್ಸಮ್ಮ ಓಡಿ ತಲುಪುವಷ್ಟರಲ್ಲಿ ಮಗು ಉಳಿಯಲಿಲ್ಲ," ಎಂದಿತು ಪೈಪು.

"ನಾನಂತೂ ಕೊಟ್ಟೆನಲ್ಲ! ಕುಡಿಯಲಾರದ ಎಂಜಿನ್ನಿನ ತಪ್ಪದು."

ಮೌಲಾಸಾಬ್ ಪೈಪು ಕಿತ್ತು, ಟ್ಯಾಂಕನ್ನು ಎತ್ತಿ, ತಳದಲ್ಲಿದ್ದುದನ್ನು ಗಾಜಿನ ಬಾಟಲಿಗೆ ಸುರಿದ. ಮೇಲೆ ಬೆರಳಗಲ ಪೆಟ್ರೋಲು ತೇಲಿತು. ಕೆಳಗೆಲ್ಲ ತುಕ್ಕು ಕದಡಿದ ನೀರು.

ಟ್ಯಾಂಕು ಬಾಟಲಿಯನ್ನು ನೋಡಿತು. ಎಂಜಿನ್ನಿನತ್ತ ನೋಡುವ ಧೈರ್ಯವಾಗಲಿಲ್ಲ. ಮೌಲಾಸಾಬ್ ತನ್ನನ್ನು ಕೆಳಗಿಡಲು ಹೋದಾಗ ಮೆಲ್ಲಗೆ ಹೇಳಿತು: "ಇನ್ನೊಮ್ಮೆ ಬಗ್ಗಿಸಿ ಸಾಹೇಬರೇ. ಮೂಲೆಯಲ್ಲಿ ಇನ್ನೂ ನೀರಿದೆ."